ಮಾಸು ಬೀಳುವವರೆಗೆ ಕರುವಿಗೆ ಗಿಣ್ಣದ ಹಾಲು ಕುಡಿಸಬಾರದೇ? ಗಂಜಿ, ಬೆಲ್ಲದ ನೀರು ಹಾಲಿಗೆ ಬದಲಿಯಾಗುತ್ತವೆಯೇ?

"ಆಕಳ ಈದ ಮ್ಯಾಲೆ ಮಾಸ ಬೀಳೂತನಕ ಕರಕ್ಕ ಮಲಿ ಬಿಡಬ್ಯಾಡ್ರಿ. ಗಿಣ್ಣ ಜಾಸ್ತಿ ಕುಡದ್ರ ಭೇದಿ ಹತ್ತಿ, ಹೊಟ್ಯಾಗ ಹುಳ ಆಗಿ ಕರ ಸಾಯ್ತೈತಿ. ಹದಿನೈದು ದಿನ ಆದ ಮ್ಯಾಲೆ ಹಾಲು ಡೇರಿಗೆ ಹಾಕ್ರಿ, ಕರಕ್ಕ ಗಂಜಿ, ಬೆಲ್ಲದ ನೀರು ಸಾಕು. ಭೇದಿ ಹತ್ತಿದ್ರ ಹಾಲು ಪೂರ್ತಿ ಬಂದ್ ಮಾಡ್ರಿ. ಎಲ್ಲಾ ರೈತರಿಗೂ ಶೇರ್ ಮಾಡ್ರಿ."

ಗದಗ ತಾಲೂಕಿನ ಹಿರೇಹಂದಿಗೋಳದ ಓದುಗರೊಬ್ಬರು ಈ ವಾಟ್ಸಾಪ್ ಸಂದೇಶ ಕಳಿಸಿ, "ಮೊದಲನೇ ಮಾತು ನಮ್ಮ ಅಜ್ಜಿನೂ ಹೇಳತಿದ್ಲು. ಖರೇನೋ ಸುಳ್ಳೋ ಹೇಳ್ರಿ, ಮನ್ಯಾಗ ಎಮ್ಮಿ ಈಯಾಕ ಬಂದೈತಿ" ಎಂದು ಕೇಳಿದ್ದಾರೆ. ಎಮ್ಮೆ ಈಯುವ ಮೊದಲೇ ಉತ್ತರ ತಲುಪಲಿ ಎಂದು ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಮಾಸಿಗಾಗಿ ಕಾಯಬೇಡಿ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣದ ಹಾಲು ಅದರ ಹೊಟ್ಟೆಗೆ ಹೋಗಲೇಬೇಕು. ಸಂದೇಶದಲ್ಲಿರುವ ನಾಲ್ಕು ಮಾತುಗಳಲ್ಲಿ ಮೂರು ಪೂರ್ತಿ ತಪ್ಪು. ಹುಳದ ಮಾತಿನಲ್ಲಿ ಮಾತ್ರ ಸ್ವಲ್ಪ ಸತ್ಯವಿದೆ, ಅದನ್ನೂ ಮುಂದೆ ನೋಡೋಣ.

ಗಿಣ್ಣ ಗಟ್ಟಿಯಾಗುವುದು ಯಾಕೆ?

ಗಿಣ್ಣ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿಯಿಂದಲೇ ಶುರು ಮಾಡೋಣ. ಈದ ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬಿಸಿ ಮಾಡಿದರೆ ಅದು ತಾನಾಗಿಯೇ ಗಡ್ಡೆ ಕಟ್ಟುತ್ತದೆ. ಹೆಪ್ಪು ಬೇಡ, ನಿಂಬೆಹುಳಿ ಬೇಡ. ನಾಲ್ಕೈದು ದಿನ ಕಳೆದ ಮೇಲಿನ ಹಾಲಿಗೆ ಇದೇ ಬೆಲ್ಲ ಹಾಕಿ ಎಷ್ಟು ಕಾಯಿಸಿದರೂ ಹಾಗೆ ಗಟ್ಟಿಯಾಗುವುದಿಲ್ಲ. ಕಾರಣ ಇಷ್ಟೇ: ಸಾಮಾನ್ಯ ಆಕಳ ಹಾಲಿನಲ್ಲಿ ಪ್ರೋಟೀನ್ ಶೇಕಡಾ 3ರಿಂದ 3.5ರಷ್ಟು; ಮೊದಲ ಗಿಣ್ಣದ ಹಾಲಿನಲ್ಲಿ ಅದು ಸುಮಾರು ಶೇಕಡಾ 14. ಈ ಹೆಚ್ಚುವರಿ ಪ್ರೋಟೀನಿನ ಬಹುಪಾಲು ರೋಗನಿರೋಧಕ ಕಣಗಳು, ಅಂದರೆ ಆಂಟಿಬಾಡಿಗಳು. ಬಿಸಿ ತಾಗಿದಾಗ ಇವು ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುತ್ತವೆ. ನಮ್ಮ ತಟ್ಟೆಯಲ್ಲಿ ಅಲುಗಾಡುವ ಆ ಗಿಣ್ಣದ ತುಂಡು, ಕರುವಿನ ಪಾಲಿಗೆ ಬೇಕಾದ ರಕ್ಷಣೆಯೇ.

ಮನುಷ್ಯರ ಮಗುವಿಗೆ ತಾಯಿಯ ಆಂಟಿಬಾಡಿಗಳು ಗರ್ಭದಲ್ಲಿರುವಾಗಲೇ ಮಾಸಿನ ಮೂಲಕ ರಕ್ತಕ್ಕೆ ಸೇರುತ್ತವೆ. ಆಕಳು, ಎಮ್ಮೆಗಳ ಮಾಸಿನ ರಚನೆ ಬೇರೆ. ಅದು ಆಹಾರವನ್ನು ದಾಟಿಸುತ್ತದೆ, ಆಂಟಿಬಾಡಿಗಳನ್ನು ದಾಟಿಸುವುದಿಲ್ಲ. ಹಾಗಾಗಿ ಕರು ಭೂಮಿಗೆ ಬೀಳುವಾಗ ಅದರ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳು ಇಲ್ಲವೆಂದೇ ಹೇಳಬೇಕು. ತಾಯಿ ಅವನ್ನು ಕೆಚ್ಚಲಿನಲ್ಲಿ ತುಂಬಿಟ್ಟಿರುತ್ತದೆ.

ಇನ್ನೊಂದು ಕಡೆ ಗಡಿಯಾರ ಓಡುತ್ತಿರುತ್ತದೆ. ಹುಟ್ಟಿದ ಕರುವಿನ ಕರುಳು ಒಂದು ದಿನದ ಮಟ್ಟಿಗೆ ಜಾಳಿಗೆಯಂತೆ ಇರುತ್ತದೆ. ಆಂಟಿಬಾಡಿಯಂಥ ದೊಡ್ಡ ಕಣಗಳೂ ಇಡಿಯಾಗಿ ಒಳಗೆ ಹೋಗಿ ರಕ್ತ ಸೇರುತ್ತವೆ. ಮೊದಲ ಒಂದೆರಡು ಗಂಟೆಯಲ್ಲಿ ಈ ಹೀರುವ ಶಕ್ತಿ ಅತಿ ಹೆಚ್ಚು. ಆರು ಗಂಟೆ ಕಳೆಯುವಷ್ಟರಲ್ಲಿ ಗಣನೀಯವಾಗಿ ಇಳಿದಿರುತ್ತದೆ. 24 ಗಂಟೆಗೆ ಬಾಗಿಲು ಮುಚ್ಚಿದ ಹಾಗೆ. ಆಮೇಲೆ ಬಕೆಟ್‌ಗಟ್ಟಲೆ ಗಿಣ್ಣ ಕುಡಿಸಿದರೂ ಅದು ಬರಿ ಆಹಾರವಾಗಿ ಜೀರ್ಣವಾಗುತ್ತದೆ, ರಕ್ತಕ್ಕೆ ರಕ್ಷಣೆಯಾಗಿ ಸೇರುವುದಿಲ್ಲ.

ಈಗ ಮಾಸಿನ ಲೆಕ್ಕ ನೋಡಿ. ಆರೋಗ್ಯವಾಗಿರುವ ಆಕಳು, ಎಮ್ಮೆಗಳಿಗೆ ಸಾಮಾನ್ಯವಾಗಿ 12 ಗಂಟೆಯೊಳಗೆ ಮಾಸು ಬೀಳುತ್ತದೆ. ಕೆಲವಕ್ಕೆ ಮೂರು ಗಂಟೆ ಸಾಕು, ಕೆಲವಕ್ಕೆ ಹತ್ತು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಈದ ಎಮ್ಮೆಯ ಮಾಸು ಬೆಳಗ್ಗೆ ಎಂಟಕ್ಕೆ ಬಿತ್ತು ಅಂದುಕೊಳ್ಳಿ. ಅಲ್ಲಿಯವರೆಗೆ ಕರುವನ್ನು ಕಟ್ಟಿಹಾಕಿದ್ದರೆ ಅಮೂಲ್ಯವಾದ ಹೊತ್ತು ಕಳೆದೇಹೋಯಿತು. ಇಷ್ಟೇ ಅಲ್ಲ, ಕೆಚ್ಚಲಲ್ಲೇ ಉಳಿದ ಗಿಣ್ಣವೂ ತಾಸು ಕಳೆದಂತೆ ತೆಳುವಾಗುತ್ತ ಹೋಗುತ್ತದೆ.

ಕರು ಕುಡಿದರೆ ಮಾಸು ಒಳಗೇ ಉಳಿಯುತ್ತದೆ ಎಂಬ ಭಯ ಬಹಳ ಜನರಿಗಿದೆ. ನಿಜ ಇದಕ್ಕೆ ಉಲ್ಟಾ. ಕರು ಮೊಲೆ ಚೀಪಿದಾಗ ತಾಯಿಯ ದೇಹದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಹಾಲು ಇಳಿಸುವುದೂ ಅದೇ, ಗರ್ಭಕೋಶವನ್ನು ಹಿಂಡಿ ಮಾಸನ್ನು ಹೊರದೂಡಲು ನೆರವಾಗುವುದೂ ಅದೇ. ಹನ್ನೆರಡು ಗಂಟೆ ದಾಟಿದರೂ ಮಾಸು ಬೀಳದಿದ್ದರೆ ಪಶು ವೈದ್ಯರಿಗೆ ಹೇಳಬೇಕು. ಜೋತಾಡುವ ಮಾಸಿಗೆ ಕಲ್ಲು ಕಟ್ಟುವುದು, ಕೈಯಿಂದ ಜಗ್ಗುವುದು ಬೇಡವೇ ಬೇಡ. ಗರ್ಭಕೋಶ ಹರಿದು, ನಂಜೇರಿ, ಮುಂದೆ ಆಕಳು ಗಬ್ಬ ನಿಲ್ಲದೇ ಹೋಗಬಹುದು.

ಹಾಗಾದರೆ ಅಜ್ಜಿಯ ಕಾಲದಿಂದ ಈ ನಂಬಿಕೆ ಉಳಿದದ್ದು ಹೇಗೆ? ತಡವಾಗಿ ಗಿಣ್ಣ ಕುಡಿದ ಕರು ಅದೇ ದಿನ ಸಾಯುವುದಿಲ್ಲ. ಜಿಗಿದಾಡಿಕೊಂಡೇ ಇರುತ್ತದೆ. ಎಂಟನೆಯದೋ ಹದಿನೈದನೆಯದೋ ದಿನ ಭೇದಿಯೋ ಕೆಮ್ಮೋ ಹತ್ತಿ ಮಲಗಿಬಿಡುತ್ತದೆ. ಆಗ ದೃಷ್ಟಿಯಾಯಿತು, ಥಂಡಿಯಾಯಿತು ಎನ್ನುತ್ತೇವೆ. ಮೊದಲ ರಾತ್ರಿ ಕಟ್ಟಿಹಾಕಿದ್ದು ಯಾರ ನೆನಪಿಗೂ ಬರುವುದಿಲ್ಲ.

ಎಷ್ಟು ಕುಡಿಸಬೇಕು, ಹೇಗೆ ಕುಡಿಸಬೇಕು?

ಕರುವಿನ ತೂಕದ ಹತ್ತನೇ ಒಂದು ಭಾಗ. 30 ಕೆಜಿ ಕರುವಿಗೆ 3 ಲೀಟರ್, ಸಾಧ್ಯವಾದಷ್ಟೂ ಮೊದಲ ಎರಡು ಗಂಟೆಯಲ್ಲಿ. ಒಂದೇ ಸಲ ಅಷ್ಟು ಕುಡಿಯದಿದ್ದರೆ ಒಂದೂವರೆ ಲೀಟರಿನಂತೆ ಎರಡು ಸಲ, ಆದರೆ ಆರು ಗಂಟೆಯೊಳಗೆ. ಹನ್ನೆರಡು ಗಂಟೆಗೆ ಇನ್ನೊಂದು ಒಂದೂವರೆ, ಎರಡು ಲೀಟರ್. ಈ ಅಳತೆಗೆ ಒಂದು ಲೆಕ್ಕವಿದೆ. ಒಳ್ಳೆಯ ಗಿಣ್ಣದಲ್ಲಿ ಲೀಟರಿಗೆ 50 ಗ್ರಾಂ ಅಥವಾ ಹೆಚ್ಚು ಆಂಟಿಬಾಡಿ ಇರುತ್ತದೆ. ಕರುವಿಗೆ ಕನಿಷ್ಠ 150 ಗ್ರಾಂ ಬೇಕು. ಎರಡನೇ ಸಲ ಹಿಂಡಿದ ಹಾಲಿನಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಆದ್ದರಿಂದ ಮೊದಲ ಹಿಂಡಿಕೆ ಕರುವಿನದು. ಓಣಿಯವರಿಗೆ ಗಿಣ್ಣ ಹಂಚುವ ಪದ್ಧತಿ ಚಂದದ್ದೇ, ಬಿಡಬೇಕೆಂದು ನಾವು ಹೇಳುವುದಿಲ್ಲ. ಎರಡನೇ ದಿನದ ಹಾಲಿನಲ್ಲಿ ಮಾಡಿ, ಗಿಣ್ಣ ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೇ.

ಗಿಣ್ಣದ ಗುಣಮಟ್ಟ ನೋಡಲು ಡೇರಿಯ ಲ್ಯಾಕ್ಟೋಮೀಟರ್ ಬೇಡ. ಕಬ್ಬು, ದ್ರಾಕ್ಷಿಯ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಸಾಕು. ಒಂದು ಹನಿ ಹಾಕಿದಾಗ 22 ಅಥವಾ ಹೆಚ್ಚು ತೋರಿಸಿದರೆ ಉತ್ತಮ ಗಿಣ್ಣ.

ಕೆಚ್ಚಲು, ಕೈ, ಪಾತ್ರೆ ತೊಳೆದಿರಬೇಕು. ಮೊದಲ ದಿನ ಆಂಟಿಬಾಡಿಗೆ ತೆರೆದ ಕರುಳಿನ ಬಾಗಿಲು ಸೆಗಣಿಯ ರೋಗಾಣುಗಳಿಗೂ ತೆರೆದಿರುತ್ತದೆ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಚೆಲ್ಲಿದರೆ ಸಾಕು, ಲೀಟರ್‌ಗಟ್ಟಲೆ ಚೆಲ್ಲುವುದು ಬೇಡ. ಗಿಣ್ಣವನ್ನು ಕಾಯಿಸಿ ಕುಡಿಸಬೇಡಿ. ಕಡಾಯಿಯಲ್ಲಿ ಆಗುವುದೇ ಅಲ್ಲಿಯೂ ಆಗುತ್ತದೆ.

ಗೊಟ್ಟ ಬೇಡ. ದೊಡ್ಡ ದನಕ್ಕೆ ಔಷಧಿ ಹಾಕುವ ಗೊಟ್ಟದಿಂದ ಕರುವಿನ ತಲೆ ಎತ್ತಿ ಹಾಲು ಹುಯ್ದರೆ ಎರಡು ತೊಂದರೆ. ಒಂದು, ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಎರಡನೆಯದು ಹೊಟ್ಟೆಗೆ ಸಂಬಂಧಿಸಿದ್ದು. ಕರು ಚೀಪಿ ಕುಡಿಯುವಾಗ ಅನ್ನನಾಳದ ಕೊನೆಯಲ್ಲಿ ಒಂದು ತೋಡು ಮಡಚಿಕೊಂಡು ಕೊಳವೆಯಾಗುತ್ತದೆ. ಹಾಲು ಮೊದಲ ಹೊಟ್ಟೆಗೆ ಬೀಳದೆ ನೇರವಾಗಿ ನಾಲ್ಕನೇ ಹೊಟ್ಟೆಗೆ, ಅಂದರೆ ಹಾಲು ಹೆಪ್ಪುಗಟ್ಟಿ ಜೀರ್ಣವಾಗುವ ಜಾಗಕ್ಕೆ ಹೋಗುತ್ತದೆ. ಬಲವಂತದಿಂದ ಹುಯ್ದಾಗ ತೋಡು ಸರಿಯಾಗಿ ಮುಚ್ಚದೆ ಹಾಲು ಮೊದಲ ಹೊಟ್ಟೆಗೆ ಬಿದ್ದು ಕೊಳೆಯುತ್ತದೆ. ನಿಪ್ಪಲ್ ಬಾಟಲಿ ಒಳ್ಳೆಯದು. ಬಕೆಟ್ ಆದರೆ ತೊಳೆದ ಬೆರಳು ಚೀಪಿಸುತ್ತ ನಿಧಾನವಾಗಿ ಕಲಿಸಿ.

ತಾಯಿ ಸತ್ತಾಗ ಅಥವಾ ಕೆಚ್ಚಲು ಬಾವು ಬಂದಾಗ ಏನು ಮಾಡುವುದು? ಊರಲ್ಲಿ ಬೇರೆ ಆಕಳು ಈದಿದ್ದರೆ ಅದರ ಗಿಣ್ಣ ಆಗುತ್ತದೆ. ಹೆಚ್ಚು ಗಿಣ್ಣ ಇದ್ದವರು ಒಂದು ಲೀಟರಿನ ಸ್ವಚ್ಛ ಬಾಟಲಿಗಳಲ್ಲಿ ತುಂಬಿ ಫ್ರೀಜರಿನಲ್ಲಿ, ಅಂದರೆ ಐಸ್ ಆಗುವ ಖಾನೆಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಪದೇಪದೇ ಕರೆಂಟು ಹೋಗಿ ಕರಗಿ ಮತ್ತೆ ಗಟ್ಟಿಯಾಗುವುದಾದರೆ ಬೇಡ. ಬೇಕಾದಾಗ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟು ಕರಗಿಸಬೇಕು. ನೀರು 50 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಹಾಲು ಹಾಕುವ ಡೇರಿಯಲ್ಲಿ ಇಂಥ ಒಂದು ಫ್ರೀಜರ್ ಇದ್ದರೆ ಊರಿನ ಎಷ್ಟೋ ಕರುಗಳು ಉಳಿದಾವು ಎಂದು ನಮಗನಿಸುತ್ತದೆ.

ಗಿಣ್ಣ ಕುಡಿದರೆ ಹುಳ ಆಗುತ್ತದೆಯೇ?

ಇಲ್ಲಿದೆ ಆ ಸ್ವಲ್ಪ ಸತ್ಯ. ಎಮ್ಮೆ ಕರುಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಉದ್ದನೆಯ ಬಿಳಿ ಜಂತುಹುಳು ಇದೆ. ಟಾಕ್ಸೋಕಾರಾ ವಿಟುಲೋರಮ್ ಎಂದು ಅದರ ಹೆಸರು. ಇದರ ಮರಿಗಳು ತಾಯಿಯ ಮೈಯಲ್ಲಿ ಸುಮ್ಮನೆ ಮಲಗಿದ್ದು, ಈದ ಮೇಲೆ ಹಾಲಿನ ಮೂಲಕ ಕರುವಿಗೆ ದಾಟುತ್ತವೆ. ಹಿರಿಯರು ಕಂಡದ್ದು ಸುಳ್ಳಲ್ಲ, ಹಾಲು ಕುಡಿದ ಎಮ್ಮೆ ಕರುವಿನ ಸೆಗಣಿಯಲ್ಲಿ ಹುಳ ಬಂದದ್ದು ನಿಜ. ಆದರೆ ಅವು ಬರಿ ಗಿಣ್ಣದಲ್ಲಿ ಬರುವುದಿಲ್ಲ, ಮುಂದಿನ ಒಂದೆರಡು ವಾರದ ಹಾಲಿನಲ್ಲೂ ಬರುತ್ತವೆ. ಗಿಣ್ಣ ತಪ್ಪಿಸಿದರೆ ರಕ್ಷಣೆ ಹೋಗುತ್ತದೆ, ಹುಳ ಹಾಗೇ ಬರುತ್ತದೆ. ಇದಕ್ಕೆ ದಾರಿ ಜಂತುನಾಶಕ. 10ರಿಂದ 14 ದಿನದೊಳಗೆ ಮೊದಲ ಡೋಸು, ಯಾವ ಔಷಧಿ, ಎಷ್ಟು ಎಂದು ಪಶು ಆಸ್ಪತ್ರೆಯಲ್ಲಿ ಕರುವಿನ ತೂಕ ಹೇಳಿ ಕೇಳಿ. ಧಾರವಾಡಿ ಎಮ್ಮೆ ಸಾಕುವ ಗದಗ, ಧಾರವಾಡ, ಬಾಗಲಕೋಟೆ ಕಡೆಯವರು ಇದನ್ನು ಮರೆಯಬಾರದು.

ಗಿಣ್ಣದಿಂದ ಸೆಗಣಿ ಒಂದಿಷ್ಟು ಸಡಿಲವಾಗುವುದು ಉಂಟು. ಹುಟ್ಟುವಾಗ ಕರುಳಲ್ಲಿದ್ದ ಕಪ್ಪು ಅಂಟು ಮಲವನ್ನು ಅದು ಹೊರಹಾಕುತ್ತದೆ. ಅದು ಭೇದಿಯಲ್ಲ. ಅದಕ್ಕಾಗಿ ಎಣ್ಣೆ ಕುಡಿಸುವ ಅಗತ್ಯವೂ ಇಲ್ಲ.

ಹದಿನೈದು ದಿನದ ನಂತರ ಗಂಜಿ ಸಾಕೇ?

ಸಾಲದು. ಎಳೆಯ ಕರುವಿನ ಹೊಟ್ಟೆ ಒಂದೇ ಸಕ್ಕರೆಯನ್ನು ಚೆನ್ನಾಗಿ ಜೀರ್ಣಿಸುತ್ತದೆ: ಹಾಲಿನಲ್ಲಿರುವ ಲ್ಯಾಕ್ಟೋಸ್. ಬೆಲ್ಲ, ಸಕ್ಕರೆಯಲ್ಲಿರುವ ಸುಕ್ರೋಸನ್ನು ಒಡೆಯುವ ಕಿಣ್ವ ಕರುವಿನ ಕರುಳಿನಲ್ಲಿ ಇಲ್ಲ. ಅಕ್ಕಿ, ಜೋಳ, ರಾಗಿ ಗಂಜಿಯ ಪಿಷ್ಟವನ್ನು ಒಡೆಯುವ ಶಕ್ತಿಯೂ ಮೊದಲ ವಾರಗಳಲ್ಲಿ ತೀರಾ ಕಡಿಮೆ. ಜೀರ್ಣವಾಗದ ಸಿಹಿ ಕರುಳಲ್ಲಿ ಉಳಿದು ನೀರನ್ನು ಎಳೆದುಕೊಳ್ಳುತ್ತದೆ, ಭೇದಿ ಹತ್ತುತ್ತದೆ. ನಮ್ಮ ಮಕ್ಕಳಿಗೆ ಆಗಿಬರುವ ಗಂಜಿ ಕರುವಿಗೂ ಆಗಿಬರುತ್ತದೆ ಎಂದುಕೊಳ್ಳುವುದು ಪ್ರೀತಿಯ ತಪ್ಪು, ಆದರೂ ತಪ್ಪೇ. ಹಾಲಿಗೆ ಅರ್ಧ ನೀರು ಬೆರೆಸಿ ಕುಡಿಸುವುದೂ ಹಾಗೆಯೇ: ಹೊಟ್ಟೆ ಉಬ್ಬಿ ಕಾಣುತ್ತದೆ, ಮೈ ಬೆಳೆಯುವುದಿಲ್ಲ.

ಹಾಲು ಎಷ್ಟು ಕೊಡಬೇಕು ಎಂಬುದರಲ್ಲಿ ಹಳೆಯ ಸಲಹೆ ಹೀಗಿದೆ: ಮೊದಲ ತಿಂಗಳು ತೂಕದ ಹತ್ತನೇ ಒಂದು, ಎರಡನೇ ತಿಂಗಳು ಹದಿನೈದನೇ ಒಂದು, ಮೂರನೇ ತಿಂಗಳು ಇಪ್ಪತ್ತನೇ ಒಂದು ಭಾಗ. ಇದು ಕರುವನ್ನು ಬದುಕಿಸುವ ಅಳತೆ, ಬೆಳೆಸುವುದಕ್ಕೆ ಸಾಲದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ತಮ್ಮ ಹಿಂಡಿನ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಲು ಬಿಡಿಸುವ ಮೊದಲು ದಿನಕ್ಕೆ ಒಂದು ಕೆಜಿ ಹೆಚ್ಚು ಬೆಳೆದ ಹೆಣ್ಣುಗರು ತನ್ನ ಮೊದಲ ಸೂಲಿನಲ್ಲಿ 850 ಕೆಜಿಯಷ್ಟು ಹೆಚ್ಚು ಹಾಲು ಕೊಟ್ಟಿತ್ತು. ಆ ಲೆಕ್ಕದಲ್ಲಿ ದಿನಕ್ಕೆ 200 ಗ್ರಾಂ ಹೆಚ್ಚು ಬೆಳೆದರೆ 170 ಕೆಜಿ. ಅಲ್ಲಿನ ಹೋಲ್‌ಸ್ಟೀನ್ ಆಕಳು, ಅಲ್ಲಿನ ಮೇವು ಬೇರೆ. ಅಂಕಿಯನ್ನು ಹಾಗೇ ಎತ್ತಿ ಇಲ್ಲಿಗೆ ಹಾಕಲಾಗದು. ದಿಕ್ಕು ಮಾತ್ರ ಸ್ಪಷ್ಟ. ಮನೆಯಲ್ಲೇ ಇಟ್ಟುಕೊಳ್ಳುವ ಹೆಣ್ಣುಗರುವಿಗೆ ಮೊದಲ ತಿಂಗಳು ದಿನಕ್ಕೆ 3 ಲೀಟರ್ ಬದಲು ನಾಲ್ಕೂವರೆ ಲೀಟರ್ ಕೊಟ್ಟರೆ ತಿಂಗಳಿಗೆ 45 ಲೀಟರ್ ಡೇರಿಗೆ ಕಡಿಮೆ ಹೋಗುತ್ತದೆ. ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲಿ ಇದು ಸಣ್ಣ ಮೊತ್ತವಲ್ಲ ಎಂಬುದು ಗೊತ್ತು. ಆದರೂ ಎರಡು ಮೂರು ವರ್ಷದ ನಂತರ ಹಿಂಡುವ ಆಕಳು ಇದೇ ಕರು.

ಮೊಲೆ ಬಿಟ್ಟು ಸಾಕುವವರು ಒಂದು ವಿಷಯ ಗಮನಿಸಿ. ಹಿಂಡುವ ಮೊದಲು ಸ್ವಲ್ಪ ಹೊತ್ತು ಬಿಟ್ಟು ಎಳೆದು ಕಟ್ಟಿದರೆ ಕರುವಿಗೆ ಸಿಗುವುದು ಮೊದಲ ತೆಳು ಹಾಲು. ಕೆನೆ ಹೆಚ್ಚಿರುವುದು ಕೊನೆಯ ಹಾಲಿನಲ್ಲಿ. ಹಿಂಡಿದ ಮೇಲೂ ಕರುವನ್ನು ಬಿಡಿ, ಅಥವಾ ಒಂದು ಮೊಲೆ ಅದಕ್ಕೇ ಉಳಿಸಿ.

ಹಾಲಿನ ಬದಲಿ ಪುಡಿ ಲಾಭವೇ?

ಮಿಲ್ಕ್ ರಿಪ್ಲೇಸರ್ ಎಂದು ಮಾರುವ ಪುಡಿ ಗಿಣ್ಣಕ್ಕೆ ಬದಲಿಯಲ್ಲ. ಒಂದೆರಡು ವಾರ ತಾಯಿಯ ಹಾಲು ಕುಡಿದ ಮೇಲೆ, ನಾಲ್ಕೈದು ದಿನ ತೆಗೆದುಕೊಂಡು ನಿಧಾನವಾಗಿ ಬದಲಿಸಬಹುದು. ಚೀಲದ ಮೇಲೆ ಪ್ರೋಟೀನ್ ಶೇಕಡಾ 20ರಿಂದ 22, ಕೊಬ್ಬು 15ರಿಂದ 20 ಇರಲಿ. ಪ್ರೋಟೀನ್ ಹಾಲಿನಿಂದ ಬಂದದ್ದಾಗಿರಲಿ. ಮೂರು ವಾರದೊಳಗಿನ ಕರುವಿಗೆ ಸೋಯಾ ಸರಿಯಾಗಿ ಜೀರ್ಣವಾಗುವುದಿಲ್ಲ. ಲೀಟರಿಗೆ 125ರಿಂದ 150 ಗ್ರಾಂ ಪುಡಿ, ಕುಡಿಸುವಾಗ 38ರಿಂದ 40 ಡಿಗ್ರಿ ಬಿಸಿ. ಅಂದರೆ ಒಂದು ಕೆಜಿಗೆ ಏಳು ಎಂಟು ಲೀಟರ್. ಲಾಭ ನಷ್ಟ ತಿಳಿಯಲು ಕೆಜಿ ದರವನ್ನು 7ರಿಂದ ಭಾಗಿಸಿ, ನಿಮ್ಮ ಡೇರಿಯ ಲೀಟರ್ ದರಕ್ಕೆ ಸರ್ಕಾರದ ಪ್ರೋತ್ಸಾಹಧನ ಸೇರಿಸಿ ಹೋಲಿಸಿ ನೋಡಿ. ಎಮ್ಮೆ ಹಾಲಿಗೆ ಫ್ಯಾಟ್ ಮೇಲೆ ಹೆಚ್ಚು ದರ ಸಿಗುವುದರಿಂದ ವ್ಯತ್ಯಾಸ ದೊಡ್ಡದಿರಬಹುದು. ಉಳಿತಾಯಕ್ಕೆಂದು ಲೀಟರಿಗೆ 60 ಗ್ರಾಂ ಹಾಕಿದರೆ ಅದು ನೀರು ಕುಡಿಸಿದಂತೆಯೇ. ಕಿರಾಣಿ ಅಂಗಡಿಯಲ್ಲಿ ಚಹಾಕ್ಕೆ ಸಿಗುವ ಡೇರಿ ವೈಟ್ನರ್ ಪುಡಿ ಬೇಡ, ಅದಕ್ಕೆ ಸಾಮಾನ್ಯವಾಗಿ ಸಕ್ಕರೆ ಸೇರಿಸಿರುತ್ತಾರೆ. ಸಕ್ಕರೆಯ ಕಥೆ ಮೇಲೆ ಹೇಳಿದ್ದೇವೆ.

ಕೆಚ್ಚಲು ಬಾವಿನ ಆಕಳ ಹಾಲು ಡೇರಿಯಲ್ಲಿ ನಡೆಯುವುದಿಲ್ಲ, ಆದ್ದರಿಂದ ಕರುವಿಗೆ ಹಾಕೋಣ ಎನ್ನುವವರಿದ್ದಾರೆ. ಅದರಲ್ಲಿ ರೋಗಾಣುಗಳೂ ಇರುತ್ತವೆ, ಚುಚ್ಚಿದ ಆಂಟಿಬಯೋಟಿಕ್ಕಿನ ಉಳಿಕೆಯೂ ಇರುತ್ತದೆ. ಅಲ್ಪಸ್ವಲ್ಪ ಆಂಟಿಬಯೋಟಿಕ್ ದಿನವೂ ಹೊಟ್ಟೆಗೆ ಹೋದರೆ, ಮುಂದೆ ನಿಜವಾಗಿ ಬೇಕಾದಾಗ ಅದೇ ಔಷಧಿ ಕೆಲಸ ಮಾಡದಂಥ ರೋಗಾಣುಗಳು ಕರುಳಲ್ಲಿ ಬೆಳೆಯುತ್ತವೆ. ಕಾಯಿಸಿದರೆ ರೋಗಾಣು ಸಾಯಬಹುದು, ಔಷಧಿಯ ಉಳಿಕೆ ಪೂರ್ತಿ ಹೋಗುವುದಿಲ್ಲ. ಚೆಲ್ಲಿಬಿಡಿ.

ಭೇದಿ ಹತ್ತಿದಾಗ ಹಾಲು ನಿಲ್ಲಿಸಬೇಕೇ?

ಸಂದೇಶದಲ್ಲಿ ಕರುವಿನ ಜೀವಕ್ಕೆ ಎರಡನೇ ಕುತ್ತು ಇದು. ಭೇದಿಯಲ್ಲಿ ಕರುವನ್ನು ಕೊಲ್ಲುವುದು ಮೈಯಿಂದ ಹೋಗುವ ನೀರು ಮತ್ತು ಲವಣ. ಹಾಲನ್ನೂ ನಿಲ್ಲಿಸಿದರೆ ಹಸಿವೂ ಸೇರಿತು. ಹಾಲು ಎಂದಿನಂತೆ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ. ನಡುವೆ ಎರಡು ಗಂಟೆ ಅಂತರ ಬಿಟ್ಟು ಲವಣದ ನೀರು ಕುಡಿಸಿ. ಕರುಗಳಿಗೆಂದೇ ಮಾಡಿದ ಪುಡಿ ಸಿಕ್ಕರೆ ಒಳ್ಳೆಯದು. ಡಾಕ್ಟರ್ ಬರುವವರೆಗೆ ಔಷಧಿ ಅಂಗಡಿಯ ಓಆರ್‌ಎಸ್ ಪುಡಿಯೂ ನಡೆಯುತ್ತದೆ. ಲೀಟರಿನ ಪ್ಯಾಕೆಟ್ಟಿಗೆ ಒಂದೇ ಲೀಟರ್ ನೀರು. ಅದರಲ್ಲಿರುವುದು ಗ್ಲೂಕೋಸ್, ಬೆಲ್ಲದ ಸಕ್ಕರೆಯಲ್ಲ. ಕಣ್ಣು ಗುಳಿ ಬಿದ್ದಿದ್ದರೆ, ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟಾಗ ತಕ್ಷಣ ಮೊದಲಿನಂತಾಗದಿದ್ದರೆ, ಕಿವಿ ಬಾಯಿ ತಣ್ಣಗಾಗಿದ್ದರೆ, ಬೆರಳು ಕೊಟ್ಟರೂ ಚೀಪದಿದ್ದರೆ ಮನೆಮದ್ದಿನ ಹೊತ್ತು ಮೀರಿದೆ, ರಕ್ತನಾಳಕ್ಕೆ ಸಲಾಯಿನ್ ಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನ್ ಮಾಡಿ. ಸಾಕಣೆಯ ಬಗ್ಗೆ ಕೇಳಬೇಕಿದ್ದರೆ ಗದಗ ಸುತ್ತಮುತ್ತಲಿನವರಿಗೆ ಹುಲಕೋಟಿಯ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರ, ಗದಗದ ಪಶುವೈದ್ಯಕೀಯ ಕಾಲೇಜು ಇವೆ.

ಹಾಗಾದರೆ ಹಾಲು ಬಿಡಿಸುವುದು ಯಾವಾಗ?

ದಿನ ಎಣಿಸುವುದಕ್ಕಿಂತ ದಾಣಿ ಅಳೆಯುವುದು ಮೇಲು. ಮೊದಲ ವಾರದಿಂದಲೇ ಕರುವಿನ ಮುಂದೆ ಸ್ವಚ್ಛ ನೀರು, ಒಂದು ಹಿಡಿ ಕರು ದಾಣಿ ಇಡಿ. ಯೂರಿಯಾ ಬೆರೆಸಿದ ದೊಡ್ಡ ದನದ ದಾಣಿ ಬೇಡ. ಹಾಲು ಕುಡಿಯುವ ಕರುವಿಗೆ ನೀರು ಬೇಡ ಎನ್ನುವುದು ಇನ್ನೊಂದು ತಪ್ಪು ನಂಬಿಕೆ. ಹಾಲು ನಾಲ್ಕನೇ ಹೊಟ್ಟೆಗೆ ಹೋದರೆ, ನೀರು ಮತ್ತು ದಾಣಿ ಮೊದಲ ಹೊಟ್ಟೆಗೆ ಹೋಗುತ್ತವೆ. ಅಲ್ಲಿ ಸೂಕ್ಷ್ಮಾಣುಗಳು ಬೆಳೆದು ದಾಣಿಯನ್ನು ಹುಳಿಯಿಸಿದಾಗಲೇ ಮೆಲುಕು ಹಾಕುವ ಹೊಟ್ಟೆ ತಯಾರಾಗುವುದು. ನೀರಿಲ್ಲದಿದ್ದರೆ ಆ ಕೆಲಸ ನಿಧಾನವಾಗುತ್ತದೆ, ಕರು ದಾಣಿಯನ್ನೂ ಕಡಿಮೆ ತಿನ್ನುತ್ತದೆ.

ಎಂಟು ವಾರ ತುಂಬಿದ ಕರು ಮೂರು ದಿನ ಬಿಡದೆ ದಿನಕ್ಕೆ ಒಂದು ಕೆಜಿಯಷ್ಟು ದಾಣಿ ತಿಂದರೆ ಹಾಲು ಬಿಡಿಸಲು ಸಿದ್ಧ. ಎಮ್ಮೆ ಕರುಗಳಿಗೆ ಇನ್ನೂ ಕೆಲವು ವಾರ ಹಿಡಿಯಬಹುದು. ಮೊದಲು ಸಂಜೆಯ ಹಾಲು ನಿಲ್ಲಿಸಿ. ಒಂದು ವಾರ ನೋಡಿ, ದಾಣಿ ತಿನ್ನುವುದು ಹೆಚ್ಚಾಗಿದ್ದರೆ ಬೆಳಗಿನದನ್ನೂ ನಿಲ್ಲಿಸಬಹುದು. ಕಡಿಮೆಯಾಗಿದ್ದರೆ ಮತ್ತೆ ಒಂದು ವಾರ ಬೆಳಗಿನ ಹಾಲು ಮುಂದುವರಿಸಿ.